ಸುಧಾಳ ಮನೆಯ ಹಳೆಯ ನೀರು

ಅಮೆರಿಕಕ್ಕೆ ಹೋಗಿ ಬಂದವಳೆಂದು ನಮ್ಮ ಮಹಿಳಾ ಸಮಾಜದವರು ನನ್ನನ್ನು ಎದುರಿಗೆ ಕೂರಿಸಿ, ಅಧ್ಯಕ್ಷರ ಬಿಳಿ ಮನೆ ನೋಡಿದಿರಾ, ಹೇಗಿದೆ ಎಂದು ಕೇಳಿದರು. ನೋಡಿದ್ದೇನೆ. ಮಳೆಯಲ್ಲಿ, ಕಾರಿನ ಕಿಟಕಿಯ ಗಾಜನ್ನು ಸೆರಗಿನಿಂದ ಒರೆಸಿಕೊಂಡು, ಅರ್ಧ ನಿಮಿಷ. ಆ ಊರಿನಲ್ಲಿ ನಾನು ಕಣ್ತುಂಬ ನೋಡಿದ್ದು ಬೇರೆ. ಅದು ನನ್ನ ತಂಗಿಯ ಮನೆಯ ರೇಡಿಯೇಟರುಗಳ ಬೆನ್ನು. ಅದನ್ನು ಹೇಳಿದರೆ ನಗುತ್ತಾರೆಂದು ಅಂದು ಹೇಳಲಿಲ್ಲ. ಈಗ ಬರೆಯುತ್ತಿದ್ದೇನೆ.

ವಿಮಾನ ಇಳಿದ ಮಧ್ಯಾಹ್ನ

ನನ್ನನ್ನು ಕಳಿಸಿದವನು ನಮ್ಮಣ್ಣ. ಸುಧಾ ನಮ್ಮೆಲ್ಲರಿಗಿಂತ ಚಿಕ್ಕವಳು. ಅವಳ ಗಂಡ ನಾಗರಾಜು ವಾಷಿಂಗ್ಟನ್ನಿನ ಹತ್ತಿರ ಒಂದು ಪ್ರಯೋಗಶಾಲೆಯಲ್ಲಿ ರಸಾಯನಶಾಸ್ತ್ರಜ್ಞ. ಆ ವರ್ಷದ ಫೆಬ್ರವರಿಯಲ್ಲಿ ಮನೆಯ ಮುಂದೆ ಬಿದ್ದ ಹಿಮವನ್ನು ಸಲಿಕೆಯಿಂದ ಎತ್ತುತ್ತಿದ್ದವರು ಎದೆ ಹಿಡಿದುಕೊಂಡು ಅಲ್ಲೇ ಕುಳಿತರಂತೆ, ಮತ್ತೆ ಏಳಲಿಲ್ಲ. ಮಕ್ಕಳಿಲ್ಲ. ನಮಗೆ ತಂತಿ ಬಂದು ತಲುಪುವ ಹೊತ್ತಿಗೆ ಅಲ್ಲಿ ಎಲ್ಲ ಮುಗಿದಿತ್ತು. ನನ್ನ ಪಾಸ್‌ಪೋರ್ಟು, ವೀಸಾ ಆಗುವಷ್ಟರಲ್ಲಿ ಆ ದೇಶದ ಬೇಸಿಗೆಯೂ ಕಳೆದಿತ್ತು.

"ನೀನು ಹೋಗಿ ಜೊತೇಲೇ ಕರ್ಕೊಂಡು ಬಾ," ಎಂದಿದ್ದ ಅಣ್ಣ. "ಮಹಡಿ ಮೇಲಿನ ಕೋಣೆಗೆ ಸುಣ್ಣ ಹೊಡೆಸಿದೀನಿ ಅಂತ ಹೇಳು. ಕಿಟಕಿಗೆ ಹೊಸ ಸೊಳ್ಳೆಪರದೆ ಹಾಕಿಸಿದೀನಿ. ಆ ಮನೇನ ಮಾರಿ ಬಂದುಬಿಡ್ಲಿ."

ವಿಮಾನ ನಿಲ್ದಾಣದಲ್ಲಿ ಸುಧಾ ಒಬ್ಬಳೇ ನಿಂತಿದ್ದಳು, ಕೈಯಲ್ಲಿ ಕಾರಿನ ಬೀಗದ ಕೈ. ನಾನು ಅಳಲು ಸಿದ್ಧಳಾಗಿಯೇ ಬಂದಿದ್ದೆ. ಅವಳು ನನ್ನ ಕಾಲು ನೋಡಿ, "ಅಕ್ಕ, ಬರೀ ಚಪ್ಪಲೀಲಿ ಬಂದಿದೀಯಲ್ಲೇ, ಕಾಲ್ಚೀಲ ಎಲ್ಲಿ?" ಎಂದಳು. ಹಾಗಾಗಿ ಅಳುವುದು ತಪ್ಪಿ, ಇಬ್ಬರೂ ನನ್ನ ಪೆಟ್ಟಿಗೆಯಲ್ಲಿ ಕಾಲ್ಚೀಲ ಹುಡುಕುತ್ತ ನೆಲದ ಮೇಲೆ ಕುಳಿತೆವು. ಹಪ್ಪಳದ ಡಬ್ಬಿ ಉರುಳಿಹೋಯಿತು. ಯಾರೋ ಒಬ್ಬರು ಎತ್ತಿಕೊಟ್ಟು, ಥ್ಯಾಂಕ್ಸ್ ಹೇಳುವ ಮುನ್ನವೇ "ಯು ಆರ್ ವೆಲ್ಕಮ್" ಎಂದು ಹೋದರು.

ಕಾರನ್ನು ಅವಳು ತುಂಬ ಚೆನ್ನಾಗಿ ಓಡಿಸಿದಳು. ಮೈಸೂರಿನಲ್ಲಿ ಸೈಕಲ್ ಹತ್ತಲು ಹೆದರುತ್ತಿದ್ದ ಹುಡುಗಿ.

"ಯಾವಾಗ ಕಲಿತೆಯೇ?"

"ಅವರೇ ಕಲಿಸಿದ್ರು. ಬಯ್ದು ಬಯ್ದು."

ಸಿಲ್ವರ್ ಸ್ಪ್ರಿಂಗ್‌ನ ಇಟ್ಟಿಗೆ ಮನೆ

ಸಿಲ್ವರ್ ಸ್ಪ್ರಿಂಗ್ ವಾಷಿಂಗ್ಟನ್ನಿಗೆ ಅಂಟಿಕೊಂಡ ಊರು. ಮನೆ ಹಳೆಯದು, ಕೆಂಪು ಇಟ್ಟಿಗೆಯದು. ಮುಂದೆ ಒಂದು ಓಕ್ ಮರ. ಆ ಮರದ ಕಾಯಿಗಳು ದಿನವೆಲ್ಲ ಛಾವಣಿಯ ಮೇಲೆ ಟಪ್ ಟಪ್ ಎಂದು ಬೀಳುತ್ತಿದ್ದವು. ಮೊದಲ ದಿನ ಯಾರೋ ಬಾಗಿಲು ತಟ್ಟುತ್ತಿದ್ದಾರೆಂದು ನಾನು ಎರಡು ಸಲ ಹೋಗಿ ತೆರೆದೆ. ಸುಧಾ ನಗಲಿಲ್ಲ. "ಏನು ಸದ್ದಾದ್ರೂ ನಾನೂ ಹಾಗೇ ತೆಗೀತಿದ್ದೆ, ಫೆಬ್ರವರಿಯಿಂದ," ಎಂದಳು.

ರೇಡಿಯೇಟರ್ ಎಂದರೆ ನಮ್ಮವರಿಗೆ ಲಾರಿಯ ಮುಂಭಾಗ ನೆನಪಾಗುತ್ತದೆ. ಅಲ್ಲಿಯ ಹಳೆಯ ಮನೆಗಳಲ್ಲಿ ಪ್ರತಿ ಕಿಟಕಿಯ ಕೆಳಗೂ ಒಂದೊಂದು ನಿಂತಿರುತ್ತದೆ. ಎರಕದ ಕಬ್ಬಿಣದ ದಪ್ಪ ಪಕ್ಕೆಲುಬುಗಳು, ಮೇಲೆ ಬೆಳ್ಳಿ ಬಣ್ಣ. ನೆಲಮಾಳಿಗೆಯಲ್ಲಿ ಎಣ್ಣೆ ಉರಿಸುವ ಬಾಯ್ಲರ್ ಇರುತ್ತದೆ. ಅಲ್ಲಿ ಕಾದ ನೀರು ಕೊಳವೆಗಳಲ್ಲಿ ಹತ್ತಿ ಒಂದೊಂದು ಕೋಣೆಯ ರೇಡಿಯೇಟರಿನೊಳಗೂ ಸುತ್ತಿ, ಕೋಣೆಯನ್ನು ಬೆಚ್ಚಗೆ ಮಾಡಿ, ತಣ್ಣಗಾಗಿ ಮತ್ತೆ ಕೆಳಗೆ ಬರುತ್ತದೆ. ನಮ್ಮ ಬಚ್ಚಲುಮನೆಯ ಹಂಡೆಯನ್ನು ಮನೆಯ ತುಂಬ ಹರಡಿದ ಹಾಗೆ. ಆದರೆ ಆ ನೀರನ್ನು ಯಾರೂ ಮುಟ್ಟುವುದಿಲ್ಲ.

ಸುಧಾ ಅದರ ಮೇಲೆ ಏನೇನು ಮಾಡುತ್ತಿದ್ದಳೆಂದು ತೋರಿಸಿದಳು. ಅಡುಗೆಮನೆಯದರ ಮೇಲೆ ಮೊಸರಿಗೆ ಹೆಪ್ಪು. ಊಟದ ಕೋಣೆಯದರ ಮೇಲೆ ದೋಸೆ ಹಿಟ್ಟು, ಹಳೆಯ ಸ್ವೆಟರ್ ಸುತ್ತಿ. ಮಲಗುವ ಕೋಣೆಯದರ ಮೇಲೆ ನಾಗರಾಜುವಿನ ಕಾಲ್ಚೀಲ.

"ಬೆಳಿಗ್ಗೆ ಎದ್ದು ಮೊದಲು ಅಲ್ಲಿಡೋರು. ಕಾಫಿ ಕುಡಿದು ಬರೋ ಹೊತ್ಗೆ ಬಿಸಿ ದೋಸೆ ಥರ ಆಗಿರೋದು. ಅದನ್ನ ಹಾಕ್ಕೊಂಡು, ಆಹಾ ಅನ್ನೋರು. ದಿನಾ ಆಹಾ."

ಮನೆ ಮಾರಿಸಿಕೊಡುವ ಹೆಂಗಸೊಬ್ಬಳು ಆಗಲೇ ಬಂದು ಹೋಗಿದ್ದಳು. ಕೋಣೆಗಳನ್ನು ಸುತ್ತಿ, ಕೊನೆಗೆ ಬಗ್ಗಿ ರೇಡಿಯೇಟರಿನ ಹಿಂದೆ ಇಣುಕಿ, ತುಟಿ ಒತ್ತಿದಳಂತೆ. ಗೋಡೆಗಳು ಕೆನೆ ಬಣ್ಣ. ರೇಡಿಯೇಟರಿನ ಹಿಂದೆ ಮಾತ್ರ ಹಳೆಯ ಕಡು ಹಸಿರು. ನಾಗರಾಜು ಮನೆ ಕೊಂಡ ವರ್ಷ ತಾವೇ ಬಣ್ಣ ಬಳಿದವರು. ಕುಂಚ ಎಟುಕಿದಷ್ಟು ಬಳಿದು, ಉಳಿದದ್ದನ್ನು ಮುಂದಿನ ಸಲ ರೇಡಿಯೇಟರ್ ಬಿಚ್ಚಿ ಸರಿಯಾಗಿ ಮಾಡೋಣ ಎಂದು ಎರಡು ದೊಡ್ಡ ಸ್ಪ್ಯಾನರುಗಳನ್ನೂ ತಂದಿಟ್ಟಿದ್ದರು. ಅಲ್ಲಿ ಅದಕ್ಕೆ ರೆಂಚ್ ಅನ್ನುತ್ತಾರೆ. ಅವು ಎಣ್ಣೆ ಸವರಿದ ಹಾಗೇ, ಬಟ್ಟೆಯಲ್ಲಿ ಸುತ್ತಿ, ನೆಲಮಾಳಿಗೆಯ ಗೂಟಕ್ಕೆ ತೂಗುತ್ತಿದ್ದವು.

"ನೋಡೋಕೆ ಬರೋರು ಹಿಂದೆಲ್ಲ ಇಣುಕ್ತಾರಂತೆ ಅಕ್ಕ. ಪೂರ್ತಿ ಪೇಂಟ್ ಮಾಡಿದ್ರೆ ಬೇಗ ಹೋಗತ್ತಂತೆ."

"ಮಾಡಿಬಿಡೋಣ. ಅಣ್ಣ ಕಾಯ್ತಿದಾನೆ," ಎಂದೆ.

ಅವಳು ಹೂಂ ಅಂದಳು. ಆ ಹೂಂ ನನಗೆ ಅಂದು ಒಪ್ಪಿಗೆಯಂತೆಯೇ ಕೇಳಿಸಿತು.

ಎಲಿಕಾಟ್ ಸಿಟಿಯಲ್ಲಿ ಒಂದು ಭಾನುವಾರ

ಅಲ್ಲಿಗೆ ಹತ್ತಿರದ ಎಲಿಕಾಟ್ ಸಿಟಿ ಎಂಬ ಊರಿನಲ್ಲಿ ನಮ್ಮ ಕಡೆಯ ಒಬ್ಬ ಡಾಕ್ಟರಿದ್ದಾರೆ. ಅವರ ಹೆಂಡತಿ ಪದ್ಮ ನಮ್ಮಿಬ್ಬರನ್ನೂ ಊಟಕ್ಕೆ ಕರೆದಿದ್ದರು. ಹುಳಿಯಲ್ಲಿ ನುಗ್ಗೆಕಾಯಿಯ ಬದಲು ಆ ಊರಿನ ಯಾವುದೋ ಹಸಿರು ಕಡ್ಡಿ. ಆದರೆ ಪುಡಿ ಮಾತ್ರ ಮೈಸೂರಿನದು. ಅವರ ಆರು ವರ್ಷದ ಮಗಳು ನನ್ನ ಸೀರೆಯ ಅಂಚು ಹಿಡಿದು, "ಆಂಟಿ, ಇದು ಎಷ್ಟು ಲಾಂಗ್?" ಎಂದು ಕೇಳಿದಳು. ಕೋಣೆಯ ಆ ಕಡೆಯವರೆಗೆ ಎಂದೆ. "ನೋ ವೇ!" ಎಂದು ಅಳೆಯಲು ಹೊರಟಳು.

ಊಟದ ನಡುವೆ ಪದ್ಮ, "ಸುಧಾ, ಅಕ್ಕನ ಜೊತೆ ಹೋಗ್ತಿದೀಯ ತಾನೆ? ಒಬ್ಳೇ ಇರಕ್ಕಾಗತ್ತಾ ಇಲ್ಲಿ? ನಿನ್ನ ಲೈಬ್ರರಿ ಕೆಲ್ಸ ಏನು, ಅರ್ಧ ದಿನದ್ದು," ಎಂದರು.

ಡಾಕ್ಟರು ಅನ್ನ ಕಲಸುತ್ತಲೇ, "ಅವಳನ್ನ ಡಿಸೈಡ್ ಮಾಡೋಕೆ ಬಿಡೇ," ಎಂದರು.

"ನಾನೇನ್ರೀ ಅಂದೆ? ಅವಳು ಹೋದ್ರೆ ನನಗೇ ಬೇಜಾರು. ದೋಸೆ ಹಿಟ್ಟಿಗೆ ಫೋನ್ ಮಾಡೋಕೆ ಇನ್ಯಾರಿದಾರೆ?"

ಹಿಂತಿರುಗುವಾಗ ಸುಧಾ ತಾನಾಗಿ ಗಂಡ ಹೋದ ದಿನದ ಮಾತೆತ್ತಿದಳು. ಆಸ್ಪತ್ರೆಯವರು ಮನೆಯ ಮುಂದಿನಿಂದಲೇ ಎತ್ತಿಕೊಂಡು ಹೋದರಂತೆ. ಯಂತ್ರದ ಚಿತಾಗಾರ. ಪುರೋಹಿತರಿಲ್ಲ; ಈ ಡಾಕ್ಟರೇ ತಮಗೆ ನೆನಪಿದ್ದ ನಾಲ್ಕು ಸಾಲು ಹೇಳಿದರಂತೆ, ತಪ್ಪಿ, ನಿಲ್ಲಿಸಿ, ಮತ್ತೆ ಮೊದಲಿನಿಂದ.

"ಮನೆಗೆ ಬಂದು ಸ್ನಾನ ಮಾಡಿ ನಿಂತ್ಕೊಂಡೆ ಅಕ್ಕ. ಅಪ್ಪ ಹೋದಾಗ ನಮ್ಮನೇಲಿ ತುಂಬಿಟ್ಟಿದ್ದ ನೀರನ್ನೆಲ್ಲ ಚೆಲ್ಲಿದ್ರಲ್ಲ, ನಂಗೆ ಅದು ನೆನಪಾಯ್ತು. ಹಂಡೆ, ಬಿಂದಿಗೆ, ತುಳಸಿ ಹತ್ರದ ತಂಬಿಗೆ, ಎಲ್ಲಾ ಚೆಲ್ಲಿದ್ರು. ಇಲ್ಲಿ ಚೆಲ್ಲೋಕೆ ಏನಿತ್ತು? ನಲ್ಲಿ ತಿರುಗಿಸಿದ್ರೆ ನೀರು, ನಿಲ್ಲಿಸಿದ್ರೆ ಇಲ್ಲ. ಒಂದು ಲೋಟ ಹುಡುಕಿದೆ. ಅದನ್ನೂ ಯಾರೋ ತೊಳೆದು ಬೋರಲು ಹಾಕಿದ್ರು."

ನಮ್ಮಲ್ಲಿ ಸಾವಾದ ಮನೆಯಲ್ಲಿ ತುಂಬಿಟ್ಟ ನೀರನ್ನು ಉಳಿಸುವುದಿಲ್ಲ. ಯಾರೂ ಹೇಳಿಕೊಡದಿದ್ದರೂ ನಮ್ಮ ಹೆಂಗಸರ ಕೈಗೆ ಅದು ಗೊತ್ತು. ನಾನು ಅವಳ ಭುಜದ ಮೇಲೆ ಕೈಯಿಟ್ಟೆ. ಕಾರು ಓಡಿಸುವವರ ಭುಜ ಮುಟ್ಟಬಾರದೆಂದು ಆಮೇಲೆ ನೆನಪಾಯಿತು.

ಮಲಗುವ ಕೋಣೆ

ಪಕ್ಕದ ಮನೆಯ ಮಿಸೆಸ್ ಪಾರ್ಕರ್ ದಕ್ಷಿಣ ಕ್ಯಾರೊಲಿನಾದವರು. ನನಗೆ ಕಾನ್ವೆಂಟಿನಲ್ಲಿ ಐರಿಷ್ ಸಿಸ್ಟರುಗಳು ಹೇಳಿಕೊಟ್ಟ ಇಂಗ್ಲಿಷು ಇದೆ ಎಂಬ ಧೈರ್ಯದಿಂದ ಹೋಗಿದ್ದವಳು, ಅವರ ಮೊದಲ ಮಾತಿಗೇ ಸುಧಾಳ ಮುಖ ನೋಡಿದೆ. ಒಂದೊಂದು ಶಬ್ದವನ್ನೂ ಅವರು ಬೆಲ್ಲದ ಪಾಕದಂತೆ ಎಳೆದು ಎಳೆದು ಬಿಡುತ್ತಿದ್ದರು. ಎಪ್ಪತ್ತು ದಾಟಿದ ವಿಧವೆ. ಮೈಮೇಲೆ ಸದಾ ಗಂಡನ ಹಳೆಯ ಕೋಟು, ತೋಳು ಮಡಿಸಿಕೊಂಡಿರುತ್ತಿದ್ದರು.

ರೇಡಿಯೇಟರ್ ಬಿಚ್ಚಿ ಬಣ್ಣ ಬಳಿಯುವುದು ಅವರಿಗೆ ಗೊತ್ತಿತ್ತು. "ನಾನೂ ಮಾಡಿದ್ದೆ ಮಗು. ನನ್ನವರು ತೀರಿಕೊಂಡ ವರ್ಷ. ಮನೆ ಮಾರಬೇಕು ಅಂತ," ಎಂದರು.

"ಆಮೇಲೆ?" ಎಂದೆ ನಾನು.

"ಬಣ್ಣ ಚೆನ್ನಾಗಿ ಬಂತು. ಅಲ್ಲೇ ಇದ್ದುಬಿಟ್ಟೆ." ಅವರ ನಗುವಿನಲ್ಲಿ ಸ್ವಲ್ಪ ಕೆಮ್ಮೂ ಇತ್ತು.

ನಮ್ಮಿಬ್ಬರನ್ನು ನೆಲದ ಮೇಲೆ ಕೂರಿಸಿ, ತಾವು ಮಂಚದ ಮೇಲೆ ಕುಳಿತು ಹೇಳುತ್ತ ಹೋದರು. ರೇಡಿಯೇಟರಿನ ಎರಡು ತುದಿಗೂ ನೀರು ನಿಲ್ಲಿಸುವ ತಿರುಪು ಇದೆ. ಒಂದು ಕಡೆಯದಕ್ಕೆ ಕೈಹಿಡಿ ಇದೆ, ಅದನ್ನು ತಿರುಗಿಸಿ ಪೂರ್ತಿ ಮುಚ್ಚಬೇಕು. ಇನ್ನೊಂದು ಕಡೆಯದಕ್ಕೆ ಮುಚ್ಚಳ. ಅದನ್ನು ತೆಗೆದು ಸ್ಪ್ಯಾನರಿನಿಂದ ತಿರುಗಿಸಬೇಕು. ಎಷ್ಟು ಸುತ್ತಿಗೆ ಮುಚ್ಚಿತೆಂದು ನೆನಪಿಡಬೇಕು. ಮತ್ತೆ ಅಷ್ಟೇ ತೆರೆಯಬೇಕು. ಇಲ್ಲದಿದ್ದರೆ ಒಂದು ಕೋಣೆಯೇ ಶಾಖವನ್ನೆಲ್ಲ ಕುಡಿದು ಮಿಕ್ಕ ಕೋಣೆಗಳು ನಡುಗುತ್ತವೆ. ನಾನು ಪಕ್ಕದ ನೆಲದ ಮೇಲೆ ಸೀಮೆಸುಣ್ಣದಿಂದ ಗೀಟು ಹಾಕುತ್ತಿದ್ದೆ, ಹಾಲಿನವನ ಲೆಕ್ಕಕ್ಕೆ ಹಾಕುವಂತೆ. ಆಮೇಲೆ ಕೆಳಗೆ ಅಗಲ ಪಾತ್ರೆ ಇಟ್ಟು, ಒಂದು ಸ್ಪ್ಯಾನರಿನಿಂದ ಕೊಳವೆಯ ಕಡೆ ಬಿಗಿಯಾಗಿ ಹಿಡಿದು, ಇನ್ನೊಂದರಿಂದ ನಟ್ಟು ಸಡಿಲಿಸಬೇಕು. ಹಿಡಿಯದೆ ಬರೀ ತಿರುಗಿಸಿದರೆ ಕೊಳವೆಯೇ ತಿರುಚಿ, ನೆಲದೊಳಗೆ ಎಲ್ಲೋ ಬಿರುಕು ಬಿಡುತ್ತದೆ.

ಹಿಡಿದವಳು ನಾನು, ತಿರುಗಿಸಿದವಳು ಸುಧಾ. ನಟ್ಟು ಮಿಸುಕಿತು. ಹನಿ ಬಂತು, ಆಮೇಲೆ ಧಾರೆ.

ನೀರು ಕಪ್ಪಗಿತ್ತು. ಬಾಣಲಿ ತಳದ ಮಸಿ ಕಲಸಿದ ಹಾಗೆ. ನಾನು ಹೌಹಾರಿ ಕಾಲು ಹಿಂದೆಳೆದುಕೊಂಡೆ.

"ಹೆದರಬೇಡಿ, ಅದು ಹಾಗೇ ಇರಬೇಕು," ಎಂದರು ಮಿಸೆಸ್ ಪಾರ್ಕರ್. "ಈ ನೀರನ್ನ ಯಾರೂ ಬದಲಾಯಿಸೋದಿಲ್ಲ. ನಿನ್ನ ಗಂಡ ಮನೆ ಕೊಂಡಾಗಿಂದ, ಅದಕ್ಕಿಂತ ಮೊದಲಿಂದಾನೂ, ಇದೇ ನೀರು ಸುತ್ತಿ ಸುತ್ತಿ ಬರ್ತಾ ಇದೆ."

ಸುಧಾ ಸ್ಪ್ಯಾನರ್ ಹಿಡಿದ ಹಾಗೇ ಪಾತ್ರೆಯನ್ನು ನೋಡಿದಳು. "ಅಂದ್ರೆ ಅವರಿದ್ದಾಗಿನ ನೀರೇನಾ ಇದು?" ಎಂದು ಇಂಗ್ಲಿಷಿನಲ್ಲಿ ಕೇಳಿ, ಉತ್ತರಕ್ಕೆ ಕಾಯದೆ, ಅದನ್ನೇ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು.

ರೇಡಿಯೇಟರಿನ ಬಾಯಿಗಳಿಗೆ ಚಿಂದಿ ತುರುಕಿ, ಬೀರುವನ್ನು ಸರಿಸುವಾಗ ಮಾಡುವಂತೆ ಒಂದೊಂದೇ ಕಾಲನ್ನು ಮುಂದಿಡಿಸುತ್ತ, ಕಂಬಳಿಯ ಮೇಲೆ ನಡೆಸಿ ಗೋಡೆಯಿಂದ ಈಚೆಗೆ ತಂದೆವು. ಹಿಂದೆ ಹಸಿರು ಗೋಡೆ, ಧೂಳು, ಒಂದು ಪೆನ್ಸಿಲ್ ಚೂರು. ಮತ್ತೆ ಒಂದು ಕಾಲ್ಚೀಲ. ಬೂದು ಬಣ್ಣದ್ದು, ಶಾಖಕ್ಕೆ ಕಂದಿ, ಹಿಮ್ಮಡಿಯಲ್ಲಿ ಸುಟ್ಟು ತೂತಾಗಿ, ಒಣಗಿದ ಹಪ್ಪಳದಂತೆ ಸೆಟೆದಿತ್ತು.

"ಅಯ್ಯೋ, ಇಲ್ಲಿತ್ತಾ! ಎರಡು ದಿನ ಜಗಳ ಆಡಿದ್ರು ಅಕ್ಕ. ನೀನು ವಾಷಿಂಗ್ ಮೆಷೀನಲ್ಲಿ ಕಳೆದೆ ಅಂತ. ನಾನು ಕಳೆದಿಲ್ಲ ಅಂತ. ಇನ್ನೊಂದನ್ನ ನಾನೇ ಸಿಟ್ಟಿಗೆ ಬಿಸಾಕಿದೆ."

ಸಿಸ್ಟರುಗಳು ನನಗೆ ಕಾಲ್ಚೀಲದ ತೂತಿಗೆ ನೂಲು ನೇಯುವುದನ್ನು ಕಲಿಸಿದ್ದರು, ಒಳಗೆ ಒಂದು ಮರದ ಮೊಟ್ಟೆ ಇಟ್ಟುಕೊಂಡು, ಅಡ್ಡ ಒಂದೆಳೆ, ಉದ್ದ ಒಂದೆಳೆ. ಕೈ ತಾನಾಗಿ ಮುಂದೆ ಹೋಯಿತು. "ಕೊಡು, ಸರಿಮಾಡ್ತೀನಿ."

ಅವಳು ನಕ್ಕಳು. ನಾನು ಅಲ್ಲಿಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. "ಮಾಡಿ ಯಾರ ಕಾಲಿಗೆ ಹಾಕ್ತೀಯೇ?"

ನೆಲಮಾಳಿಗೆ

ಮಿಕ್ಕ ಕೋಣೆಗಳು ಆಮೇಲೆ ಎಂದು ಮೊದಲು ಆ ಕೋಣೆಯ ಗೋಡೆಗೆ ಬಣ್ಣ ಬಳಿದೆವು. ಎರಡನೆಯ ಸಲ ಬಳಿದದ್ದನ್ನು ಒಣಗಲು ಬಿಟ್ಟಿದ್ದ ಬೆಳಿಗ್ಗೆ ಸುಧಾ ಸ್ನಾನ ಮಾಡಿ, ಒದ್ದೆ ಕೂದಲಿಗೆ ಟವೆಲ್ ಕಟ್ಟಿಕೊಂಡು ಬಂದು, "ಅಕ್ಕ, ಸ್ವಲ್ಪ ಕೆಳಗೆ ಬಾ. ಪೈಪ್ ಹಿಡ್ಕೋಬೇಕು," ಎಂದಳು.

ಬಾಯ್ಲರನ್ನು ಆ ವರ್ಷ ಇನ್ನೂ ಹೊತ್ತಿಸಿರಲಿಲ್ಲ. ಹಿಂದಿನ ಚಳಿಗಾಲದಲ್ಲಿ ಎಣ್ಣೆಗೆ ಅಭಾವವಾಗಿ ಜನ ಪೆಟ್ರೋಲಿಗೆ ಸಾಲು ನಿಂತಿದ್ದರಂತೆ. ಅಂದಿನಿಂದ ಎಲ್ಲರೂ ಆದಷ್ಟು ದಿನ ಸ್ವೆಟರಿನಲ್ಲೇ ಕಾಲ ಕಳೆಯುತ್ತಿದ್ದರು. ಬಾಯ್ಲರಿನ ಬುಡದಲ್ಲಿ ನೀರು ಬಿಡುವ ಒಂದು ನಲ್ಲಿ. ಅವಳು ಅದಕ್ಕೆ ತೋಟದ ರಬ್ಬರ್ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ನೆಲದ ಮೋರಿಯ ಬಾಯಿಗೆ ಇಟ್ಟು ನನ್ನ ಕೈಗೆ ಕೊಟ್ಟಳು.

"ಏನು ಮಾಡ್ತಿದೀಯೇ?"

"ಅವತ್ತು ಚೆಲ್ಲಲಿಲ್ಲವಲ್ಲ. ಇಷ್ಟು ದಿನ ಮನೇಲೇ ಇತ್ತು ನೀರು. ನಂಗೆ ಗೊತ್ತೇ ಇರಲಿಲ್ಲ."

ನಾನು ಬೇಡ ಅನ್ನಲಿಲ್ಲ. ಅನ್ನಲು ನನಗೆ ಕಾರಣವೇ ತೋರಲಿಲ್ಲ. ನಮ್ಮಲ್ಲಿ ದಿನ ಬೆಳಗಾದರೆ ಹಿಂದಿನ ದಿನದ ನೀರು ಚೆಲ್ಲಿ, ಬಿಂದಿಗೆ ಹುಣಸೆಹಣ್ಣಿನಲ್ಲಿ ಉಜ್ಜಿ, ಹೊಸ ನೀರು ತುಂಬಿದರೇ ಅಡುಗೆಮನೆಗೆ ಕಾಲಿಡುವುದು. ಕಪ್ಪು ನೀರು ಹೋಗಿ ಬಿಳಿ ನೀರು ಬಂದರೆ ಕೆಡುಕೇನು?

ಅವಳು ನಲ್ಲಿ ತಿರುಗಿಸಿದಳು. ನೀರು ದಬದಬನೆ ಬಂತು. ಮೇಲಿನ ಕೋಣೆಗಳಿಂದ ಒಂದೊಂದಾಗಿ ಕೊಳವೆಗಳು ಬರಿದಾಗುವ ಸದ್ದು, ಯಾರೋ ದೊಡ್ಡವರು ನಿಟ್ಟುಸಿರು ಬಿಟ್ಟ ಹಾಗೆ. ಸುಧಾ ಬರಿಗಾಲಲ್ಲಿ, ಮುಖ ಆ ಕಡೆ ತಿರುಗಿಸಿ ನಿಂತಿದ್ದಳು. ಅಪ್ಪ ಹೋದಾಗ ಅಮ್ಮನೂ ಹಾಗೆಯೇ ನಿಂತಿದ್ದಳು. ಆಮೇಲೆ ಗಂಡ ಯಾವಾಗಲೋ ತೋರಿಸಿದ್ದ ಇನ್ನೊಂದು ನಲ್ಲಿ ತೆರೆದು ಹೊಸ ನೀರು ಬಿಟ್ಟಳು. ಪೈಪಿನಿಂದ ಬರುವ ನೀರು ಕಪ್ಪು, ಬೂದು, ಕೊನೆಗೆ ತಿಳಿಯಾಯಿತು. ಆಗ ಕೆಳಗಿನ ನಲ್ಲಿಯನ್ನು ಮುಚ್ಚಿದಳು.

"ಆಯ್ತು," ಎಂದಳು. ಮೆಟ್ಟಿಲ ಮೇಲೆ ಕುಳಿತು ಹಣೆಯನ್ನು ಮೊಣಕಾಲಿಗೆ ಒತ್ತಿಕೊಂಡಳು. ಬೇಗ ಏಳಲಿಲ್ಲ.

ಆ ಮಧ್ಯಾಹ್ನ ಅನ್ನ ಎರಡು ಸಲ ಹಾಕಿಸಿಕೊಂಡಳು. ಸಂಜೆ, "ಟಿಕೆಟ್ ಯಾವತ್ತಿಗೆ ಮಾಡಿಸೋಣ ಅಕ್ಕ?" ಎಂದೂ ಕೇಳಿದಳು. ಅಣ್ಣನ ಸುಣ್ಣ ಹೊಡೆದ ಕೋಣೆ ನನ್ನ ಕಣ್ಣಿಗೆ ಕಟ್ಟಿತು. ಒಳ್ಳೆಯದೇ ಆಯಿತು ಎಂದುಕೊಂಡೆ.

ಮನೆ ನೋಡಲು ಬಂದವರು

ರೇಡಿಯೇಟರನ್ನು ಮತ್ತೆ ಅದರ ಜಾಗಕ್ಕೆ ನಡೆಸಿ, ಗೀಟು ನೋಡಿಕೊಂಡು ಅಷ್ಟೇ ಸುತ್ತು ತೆರೆದೆವು. ಎರಡೇ ದಿನಕ್ಕೆ ಮೊದಲ ಮಂಜು ಬಿತ್ತು. ಹುಲ್ಲೆಲ್ಲ ಉಪ್ಪು ಚೆಲ್ಲಿದ ಹಾಗೆ. ಸುಧಾ ಬಾಯ್ಲರ್ ಹೊತ್ತಿಸಿದಳು.

ಕೆಳಗಿನ ಕೋಣೆಗಳು ಉಗುರುಬೆಚ್ಚಗಾದವು. ಮಹಡಿಯ ಮೇಲೆ ರೇಡಿಯೇಟರುಗಳು ಹೆಣದ ಹಾಗೆ ತಣ್ಣಗೆ. ಒಳಗಿನಿಂದ ಮಾತ್ರ ಗುಳುಗುಳು, ಟಣ್ ಟಣ್, ಸೌಟಿನಿಂದ ಹಂಡೆಗೆ ಹೊಡೆದ ಸದ್ದು. ಅಂಥ ಬೆಳಿಗ್ಗೆಯೇ ಮನೆ ನೋಡಲು ಒಂದು ಎಳೆಯ ಜೋಡಿ ಬಂತು. ಹೆಂಡತಿ ಹೊಸ ಬಣ್ಣವನ್ನು ಮೆಚ್ಚಿದಳು. ಮಲಗುವ ಕೋಣೆಯ ರೇಡಿಯೇಟರಿನ ಹಿಂದೆ ಇಣುಕಿ, "ಎಷ್ಟು ಚೊಕ್ಕವಾಗಿದೆ!" ಎಂದಳು. ಕೈಯಿಟ್ಟು ನೋಡಿ, ಕೈ ತೆಗೆದಳು.

"ಇದು ತಣ್ಣಗಿದೆಯಲ್ಲ? ಈ ಸದ್ದು ಯಾಕೆ?"

"ನನಗೆ ಗೊತ್ತಿಲ್ಲ," ಎಂದಳು ಸುಧಾ. "ನನ್ನ ಗಂಡನಿಗೆ ಗೊತ್ತು."

ಆ ಹುಡುಗಿ ಸಹಜವಾಗಿಯೇ ಬಾಗಿಲ ಕಡೆ ನೋಡಿದಳು, ಗಂಡ ಬರುತ್ತಾರೇನೋ ಎಂದು. ಅವಳ ಗಂಡನೂ ನೋಡಿದ. ಅದನ್ನು ನೋಡಿ ನಾನೂ ನೋಡಿದೆ. ಸುಧಾ ಬಾಯಿಗೆ ಕೈ ಒತ್ತಿಕೊಂಡು ಅಡುಗೆಮನೆಗೆ ಹೋದಳು. ಬಂದವರು ಮೆಲ್ಲಗೆ ಬಾಗಿಲು ಎಳೆದುಕೊಂಡು ಹೋದರು.

ಮಿಸೆಸ್ ಪಾರ್ಕರ್ ಬಂದು ಕೇಳಿ, ಕೋಟಿನ ಜೇಬಿಗೆ ಕೈ ತುರುಕಿ ನಿಂತರು. "ಅಯ್ಯೋ ಮಗು, ಒಳ್ಳೆಯ ನೀರನ್ನೇ ಚೆಲ್ಲಿಬಿಟ್ಟೆಯಲ್ಲ! ಒಂದು ಕೋಣೆಯದನ್ನ ಬಿಚ್ಚೋಕೆ ಆ ಒಂದರ ನೀರು ಸಾಕಿತ್ತು."

"ಅಷ್ಟು ಕೊಳೆ ಇತ್ತಲ್ಲ," ಎಂದೆ ನಾನು.

"ಕೊಳೆ ಅಲ್ಲ. ಹೊಸ ನೀರಿನಲ್ಲಿ ಗಾಳಿ ಇರತ್ತೆ. ಗಾಳಿ ಇದ್ದರೆ ಕಬ್ಬಿಣ ತುಕ್ಕು ಹಿಡಿಯತ್ತೆ. ವರ್ಷಾನುಗಟ್ಟಲೆ ಸುತ್ತಿದ ನೀರಿನಲ್ಲಿ ಆ ಗಾಳಿಯೆಲ್ಲ ಮುಗಿದುಹೋಗಿರತ್ತೆ, ಅದು ಕಬ್ಬಿಣಕ್ಕೆ ಏನೂ ಮಾಡೋದಿಲ್ಲ. ಕಪ್ಪಗಿರತ್ತೆ, ಸುಮ್ಮನಿರತ್ತೆ. ಈಗ ಇದು ಮೊದಲಿಂದ ಶುರು."

ಸುಧಾ ಕೇಳುತ್ತ ಕೇಳುತ್ತ ಕುರ್ಚಿಯ ಮೇಲೆ ಕುಳಿತಳು. ಬಂದಾಗಿನಿಂದ ನಾನು ಕಾಯುತ್ತಿದ್ದ ಅಳು ಆಗ ಬಂತು.

"ಅವರಿದ್ದಾಗಿನ ನೀರಾಗಿತ್ತಲ್ಲ ಅಕ್ಕ ಅದು. ಅವರ ಕಾಲ್ಚೀಲ ಬೆಚ್ಚಗೆ ಮಾಡ್ತಿದ್ದ ನೀರು. ನಾನೇ ಮೋರಿಗೆ ಬಿಟ್ಟೆ."

ಚೆಲ್ಲದಿದ್ದರೆ ಸಂಕಟ, ಚೆಲ್ಲಿದ್ದಕ್ಕೂ ಸಂಕಟ. ಯಾವುದನ್ನು ಹಿಡಿದು ಸಮಾಧಾನ ಹೇಳಲಿ? ನಾನು ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡೆ. ಮಿಸೆಸ್ ಪಾರ್ಕರಿಗೆ ನಮ್ಮ ಮಾತು ಅರ್ಥವಾಗಲಿಲ್ಲ. ಆದರೂ ಕೋಟು ಬಿಚ್ಚಿ ಅವಳ ಬೆನ್ನಿಗೆ ಹೊದಿಸಿದರು. ಆ ಕೋಟನ್ನು ಅವರು ತೆಗೆದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆಮೇಲೆ ಆ ಕೋಟಿನ ಜೇಬಿನಿಂದಲೇ ಒಂದು ಹಿತ್ತಾಳೆಯ ಕೀಲಿಕೈ ತೆಗೆದರು. ಹೆಬ್ಬೆರಳಿನ ಉಗುರಿನಷ್ಟಿತ್ತು. "ಇದು ನಿಮ್ಮ ಮನೆಯಲ್ಲೂ ಇರಬೇಕು."

ಇತ್ತು. ನಾಗರಾಜುವಿನ ಬೀಗದ ಕೈ ಗೊಂಚಲಿನಲ್ಲಿ. ಅದು ಯಾವ ಪೆಟ್ಟಿಗೆಯದೆಂದು ತಿಳಿಯದೆ ಸುಧಾ ಎಂಟು ತಿಂಗಳಿಂದ ಮನೆಯ ಎಲ್ಲ ಬೀಗಗಳಿಗೂ ಹಾಕಿ ನೋಡಿದ್ದಳಂತೆ.

ಕೀಲಿ

ರೇಡಿಯೇಟರಿನ ನೆತ್ತಿಯ ಪಕ್ಕದಲ್ಲಿ ಒಂದು ಪುಟ್ಟ ರಂಧ್ರ. ಕೀಲಿ ಹಾಕಿ ಸ್ವಲ್ಪವೇ ತಿರುಗಿಸಿದರೆ ಒಳಗೆ ಸಿಕ್ಕಿಕೊಂಡ ಗಾಳಿ ಸುಯ್ ಎಂದು ಹೊರಬರುತ್ತದೆ. ಹಿಂದೆಯೇ ನೀರಿನ ಹನಿ ಬಂದ ಕೂಡಲೇ ಮುಚ್ಚಬೇಕು. ಕೆಳಗಿನ ಕೋಣೆಯಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು. ಒಂದು ಸಲಕ್ಕೆ ಮುಗಿಯುವುದಿಲ್ಲ. ನೀರು ಕಾಯುತ್ತ ಕಾಯುತ್ತ ತನ್ನೊಳಗಿನ ಗಾಳಿಯನ್ನು ಬಿಡುತ್ತಲೇ ಇರುತ್ತದೆ, ದಿನವೂ ಸ್ವಲ್ಪ ಸ್ವಲ್ಪ.

ಸುಧಾ ದಿನ ಬೆಳಿಗ್ಗೆ ಕಾಫಿ ಕುಡಿದ ಮೇಲೆ ಕೀಲಿಯನ್ನೂ ಒಂದು ಸ್ಟೀಲ್ ಲೋಟವನ್ನೂ ಹಿಡಿದು ಹೊರಡುತ್ತಿದ್ದಳು. ಹಾಲ್, ಊಟದ ಕೋಣೆ, ಮೆಟ್ಟಿಲು, ಮಲಗುವ ಕೋಣೆ. ನಾನು ಹಿಂದೆ ಹಿಂದೆ. ಅವಳು ಕಿವಿಯಿಟ್ಟು ಕೇಳುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಗಂಡ ಹೋದ ಮೇಲೆ ಬೀಗ ಹಾಕಿದ್ದ ಓದುವ ಕೋಣೆಯಲ್ಲೂ ಒಂದು ರೇಡಿಯೇಟರ್ ಇತ್ತು. ಆ ಬಾಗಿಲನ್ನು ಅವಳು ತೆರೆದದ್ದು ಅದಕ್ಕಾಗಿಯೇ. ಮೇಜಿನ ಮೇಲೆ ಅವರ ಕನ್ನಡಕ ಮಡಿಸಿದ ಹಾಗೇ ಇತ್ತು. ಅವಳು ಅದನ್ನು ನೋಡಿದಳು, ರೇಡಿಯೇಟರಿನ ಹತ್ತಿರ ಮಂಡಿಯೂರಿದಳು, ಕೀಲಿ ತಿರುಗಿಸಿದಳು. ಸುಯ್ ಎಂಬ ಸದ್ದು ಅಲ್ಲಿ ಬಹಳ ಹೊತ್ತು ಬಂತು.

ಮನೆ ಮಾರಿಸುವ ಹೆಂಗಸು ಫೋನ್ ಮಾಡಿದಳು. ಸುಧಾ, "ಸದ್ಯಕ್ಕೆ ಬೇಡ," ಎಂದದ್ದು ನನಗೆ ಕೇಳಿಸಿತು.

ಊಟಕ್ಕೆ ಕುಳಿತಾಗ ನಾನೇ ಕೇಳಿದೆ. "ಹಾಗಾದ್ರೆ ನೀನು ಬರೋದಿಲ್ಲ."

"ಹೊಸ ನೀರು ಅಕ್ಕ. ಹೀಗೆ ಬಿಟ್ಟು ಬಂದ್ರೆ ಮನೆ ಒಳಗೊಳಗೇ ತುಕ್ಕು ಹಿಡಿಯತ್ತೆ. ದಿನಾ ಯಾರಾದ್ರೂ ಗಾಳಿ ತೆಗೀಬೇಕು."

"ಎಷ್ಟು ದಿನ?"

"ಗೊತ್ತಿಲ್ಲ. ನೀರು ಸುಮ್ಮನಾಗೋವರೆಗೂ."

"ಅಣ್ಣ ಕೋಣೆಗೆ ಸುಣ್ಣ ಹೊಡೆಸಿದಾನೆ ಕಣೇ."

"ಗೊತ್ತು. ನಂಗೆ ಆ ಕೋಣೆ ಇಷ್ಟ. ಆದ್ರೆ ಅಲ್ಲಿ ನಾನು ಏನಾಗಿರ್ತೀನಿ ಹೇಳು? ಮಹಡಿ ಮೇಲಿನವಳು. ಅತ್ತಿಗೆ ತಟ್ಟೆ ಮೇಲಕ್ಕೆ ಕಳಿಸ್ತಾರೆ. ಪ್ರೀತಿಯಿಂದಾನೇ ಕಳಿಸ್ತಾರೆ." ಅನ್ನ ಕಲಸಿ ಹಾಗೇ ಬಿಟ್ಟಳು. "ಇಲ್ಲಿ ಮನೆ ತಣ್ಣಗಾದ್ರೆ ನಾನೇ ಎದ್ದು ನೋಡ್ಬೇಕು."

ಅಣ್ಣ ನನ್ನನ್ನು ಕಳಿಸಿದ್ದು ಒಂದು ಕೆಲಸಕ್ಕೆ. ಅದಕ್ಕೆ ತಕ್ಕ ಮಾತುಗಳನ್ನೆಲ್ಲ ನಾನು ವಿಮಾನದಲ್ಲಿ ಜೋಡಿಸಿಕೊಂಡು ಬಂದಿದ್ದೆ. ಅವುಗಳ ಬದಲು ಅವಳ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಹಾಕಿದೆ.

ಹೊರಡುವ ಬೆಳಿಗ್ಗೆ

ಪೆಟ್ಟಿಗೆ ಬಾಗಿಲಿಗೆ ಬಂದಿತ್ತು. ಸುಧಾ, "ಒಂದ್ನಿಮಿಷ ಅಕ್ಕ, ಇವತ್ತಿಂದು ಆಗಿಲ್ಲ," ಎಂದು ಕೀಲಿ ಹಿಡಿದು ಮಹಡಿ ಹತ್ತಿದಳು. ನಾನು ಬೂಟಿನಲ್ಲೇ ಹಿಂದೆ ಹೋದೆ. ಆ ಹೊತ್ತಿಗೆ ಕಾಲ್ಚೀಲ, ಬೂಟು ನನಗೂ ಅಭ್ಯಾಸವಾಗಿತ್ತು.

ಮಲಗುವ ಕೋಣೆಯಲ್ಲಿ ಕಿಟಕಿಯ ಕೆಳಗೆ ರೇಡಿಯೇಟರ್, ಅದರ ಹಿಂದೆ ನಮ್ಮ ಕೆನೆ ಬಣ್ಣದ ಗೋಡೆ. ಮುಟ್ಟಿದೆ. ಬಿಸಿಯಾಗಿತ್ತು. ಅದರ ಮೇಲೆ ಆ ಒಂಟಿ ಕಾಲ್ಚೀಲ ಹರಡಿತ್ತು, ಹಿಮ್ಮಡಿಯ ತೂತು ಇದ್ದ ಹಾಗೇ.

ಕೀಲಿ ತಿರುಗಿತು. ಚಿಕ್ಕದೊಂದು ಸುಯ್, ಆಮೇಲೆ ಹನಿ. ಅವಳು ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ನೋಡು, ಬಣ್ಣ ತಿರುಗ್ತಾ ಇದೆ."

ತಿಳಿ ನೀರಿನ ತಳದಲ್ಲಿ ಕಾಡಿಗೆಯ ಗೆರೆಯಷ್ಟು ಕಪ್ಪು ಕುಳಿತಿತ್ತು. ನನಗೆ ಇಂದಿಗೂ ಆ ಲೋಟ ಹಿಡಿದ ಅವಳ ಮುಖವನ್ನು ಹೇಗೆಂದು ಹೇಳಲು ಬಾರದು. ಸಂತೋಷ ಎನ್ನಲಾರೆ. ಅವಳು ನೀರನ್ನು ಚೆಲ್ಲಲಿಲ್ಲ, ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

ಮೈಸೂರು

ಅಣ್ಣ ಸ್ಟೇಷನ್ನಿಗೆ ಬಂದಿದ್ದ. ಬರೆದು ತಿಳಿಸುವ ಧೈರ್ಯ ನನಗೆ ಇರಲಿಲ್ಲ. ನಾನು ಇಳಿದ ಮೇಲೂ ಅವನು ಬೋಗಿಯ ಬಾಗಿಲನ್ನೇ ನೋಡುತ್ತ ನಿಂತ. ಒಬ್ಬ ಮುದುಕಿ ಇಳಿದಳು, ಇಬ್ಬರು ಸಿಪಾಯಿಗಳು ಇಳಿದರು. ಆಮೇಲೆ ಕೂಲಿಯವನು ಬಾಗಿಲು ತಳ್ಳಿ ಮುಚ್ಚಿದ.

"ಎಲ್ಲಿ?" ಎಂದ.

"ಬರ್ಲಿಲ್ಲ."

ಅವನು ನನ್ನ ಪೆಟ್ಟಿಗೆ ಎತ್ತಿಕೊಂಡು ಮನೆಯ ಕಡೆ ಹೊರಟ. ಮಹಡಿಯ ಕೋಣೆಯಲ್ಲಿ ಹೊಸ ಹಾಸಿಗೆ ಬಿಡಿಸಿತ್ತು, ಹೂಜಿಯಲ್ಲಿ ನೀರು ತುಂಬಿಸಿಟ್ಟಿತ್ತು. ಅತ್ತಿಗೆ ಅದನ್ನು ದಿನವೂ ಬದಲಾಯಿಸಿ ಇಡುತ್ತಿದ್ದಳಂತೆ, ಯಾವ ದಿನ ಬಂದರೂ ತಾಜಾ ಇರಲಿ ಎಂದು. ಅಣ್ಣ ಸೊಳ್ಳೆಪರದೆಯನ್ನು ಎಳೆದು ನೋಡುತ್ತ, ನನ್ನ ಕಡೆ ತಿರುಗದೆ ಕೇಳಿದ.

"ಯಾವಾಗ ಬರ್ತಾಳಂತೆ?"

"ನೀರು ಸುಮ್ಮನಾದ ಮೇಲೆ."

ಅವನಿಗೆ ಅರ್ಥವಾಗಲಿಲ್ಲ. ನಾನು ಹೂಜಿಯನ್ನು ಎತ್ತಿಕೊಂಡು, ಚೆಲ್ಲಿ ತೊಳೆದಿಡಲು ಬಚ್ಚಲಿಗೆ ಹೋದೆ. ಬಾಗಿಸಿದೆ. ಮತ್ತೆ ನೆಟ್ಟಗೆ ಹಿಡಿದೆ. ಅಷ್ಟು ಹೊತ್ತು ಯಾಕೆ ಹಾಗೆ ನಿಂತಿದ್ದೀರಿ ಎಂದು ಅತ್ತಿಗೆ ಎರಡು ಸಲ ಕರೆದು ಕೇಳಿದಳು.